ಕೈಸನ್ನೆಯ ರೈಲು

ನಮ್ಮ ಓಣಿಯಲ್ಲಿ ಗುಟ್ಟು ಎಂಬುದು ಉಳಿಯದೆ ಹೋದದ್ದಕ್ಕೆ ಅರ್ಧ ಕಾರಣ ಪಕ್ಕದ ಮನೆಯ ಕಾಕಾ. ಮನೆಯಲ್ಲಿ ಉಪ್ಪು ತೀರಿದರೂ ಓಣಿಯ ಆ ತುದಿಗೆ ತಿಳಿಯುವಂತೆ ಮಾತಾಡುತ್ತಿದ್ದರು. ನಾನು ಬೀಳಗಿ ಕಡೆಯಿಂದ ಬನಹಟ್ಟಿಯ ಶಾಲೆಗೆ ವರ್ಗವಾಗಿ ಬಂದು, ಅವರ ಪಕ್ಕದ ಮನೆಯನ್ನು ಬಾಡಿಗೆಗೆ ಹಿಡಿದ ದಿನವೇ ಗೋಡೆಯ ಆಚೆಯಿಂದ ಕೇಳಿಸಿತು: "ಬಾಜೂ ಮನಿಗೆ ಸಾಲಿ ಅಕ್ಕೋರು ಬಂದಾರಂತ. ಮುಖಾ ನೋಡಿದ್ರ ಭಾಳ ಸಿಟ್ಟಿನವರು ಇದ್ದಂಗ ಕಾಣ್ತಾರ." ನನಗೆ ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ.

ಓಣಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಕಾಕಾ ಈ ವರ್ಷ ಬೇಸಿಗೆಯ ಮೊದಲಿಗೆ ತೀರಿಕೊಂಡರು. ಪತ್ರಿಕೆಯವರು 'ಮಿನಿ ರೈಲಿನ ಜನಕ' ಎಂದು ಫೋಟೊ ಸಮೇತ ಹಾಕಿದರು. ಕಾಕಾ ಓದಿದ್ದರೆ ಖಂಡಿತ ತಕರಾರು ತೆಗೆಯುತ್ತಿದ್ದರು. ರೈಲನ್ನು ಕಟ್ಟಿದ್ದು ಅವರೊಬ್ಬರಲ್ಲ, ಇಡೀ ಮನೆ. ಅದನ್ನು ಅವರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಹೇಳದೆ ಉಳಿಸಿಕೊಂಡ ಮಾತು ಅವರಲ್ಲಿ ಒಂದೇ ಒಂದಿತ್ತು. ಅದರ ಸುದ್ದಿಯನ್ನು ಆಮೇಲೆ ಹೇಳುತ್ತೇನೆ.

ಬನಹಟ್ಟಿಯಲ್ಲಿ ಮಗ್ಗದ ಸದ್ದಿಲ್ಲದ ಓಣಿ ಕಡಿಮೆ. ಅಮಾವಾಸ್ಯೆಗೊಮ್ಮೆ ಮಗ್ಗಗಳು ನಿಲ್ಲುತ್ತವೆ, ಉಳಿದಂತೆ ಬೆಳಗಾದರೆ ಖಟಾಖಟಿ. ಕಾಕಾ ಅವರ ವಿದ್ಯುತ್ ಮಗ್ಗದ ಶೆಡ್ಡು ಮನೆಗೆ ಅಂಟಿಕೊಂಡೇ ಇತ್ತು. ಒಳಗೆ ಹೋಗಿ ನಿಂತರೆ ನಮ್ಮ ಮಾತು ನಮಗೇ ಕೇಳದು. ಆದ್ದರಿಂದ ಅಲ್ಲಿ ಬಾಯಿಗೆ ಕೆಲಸವಿಲ್ಲ, ಎಲ್ಲವೂ ಕೈಸನ್ನೆ. ಎರಡು ಬೆರಳು ಕೂಡಿಸಿ ಬಿಡಿಸಿದರೆ ಎಳೆ ಹರಿದಿದೆ ಎಂದು. ಮುಷ್ಟಿ ಎತ್ತಿದರೆ ಮಗ್ಗ ನಿಲ್ಲಿಸು ಎಂದು. ಹೆಬ್ಬೆರಳನ್ನು ಬಾಯಿಯ ಹತ್ತಿರ ತಂದರೆ ಚಹಾ ಆಗಿದೆ ಎಂದು. ಕಂಡಿಕೆಗೆ ನೂಲು ಸುತ್ತುತ್ತ ಮೂಲೆಯಲ್ಲಿ ಕುಳಿತ ಕಾಕು ಆ ಗದ್ದಲದ ನಡುವೆ ಕೈಯಿಂದಲೇ ನೆರೆಮನೆಯ ಮದುವೆಯ ಸುದ್ದಿಯನ್ನು ಗಂಡನಿಗೆ ಪೂರ್ತಿ ಹೇಳಿ ಮುಗಿಸಬಲ್ಲವರಾಗಿದ್ದರು.

ಗಂಡ ಹೆಂಡತಿ ಜಗಳವನ್ನೂ ಕೈಯಲ್ಲೇ ಆಡುತ್ತಿದ್ದರು. ಒಮ್ಮೆ ನಾನು ಚಹಾಕ್ಕೆ ಕುಳಿತಿದ್ದೆ. ಕಾಕಾ ಬಾಯಿಂದ ನನ್ನ ಜೊತೆ ಶಾಲೆಯ ಸುದ್ದಿ ಮಾತಾಡುತ್ತ, ಕೈಯಿಂದ ಬಾಗಿಲಲ್ಲಿ ನಿಂತ ಕಾಕುವಿನ ಜೊತೆ ಏನೋ ವಾದ ನಡೆಸಿದ್ದರು. ಕೊನೆಗೆ ಕಾಕು ಅಂಗೈ ಮಗುಚಿ, ಏನನ್ನೋ ಬಿಸಾಕಿದಂತೆ ಮಾಡಿ ಒಳಗೆ ಹೋದರು.

"ಏನಂದ್ರು ಕಾಕು?" ಎಂದು ಗಟ್ಟಿಯಾಗಿ ಕೇಳಿದೆ.

"ನನ್ನ ಮಾತಿನ ನೂಲ ಕಚ್ಚಾ ಐತಂತ. ನೇಯಾಕ ಬರಂಗಿಲ್ಲಂತ," ಎಂದರು ಕಾಕಾ. ಸೋತರೂ ಖುಷಿಯಲ್ಲಿದ್ದರು.

ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಮಗ್ಗದ ನಡುವೆ ಬಾಳಿದವರಲ್ಲಿ ಕಿವಿ ಮಂದವಾಗದವರು ಯಾರಿದ್ದಾರೆ? ಆದರೆ ಉಳಿದವರು ಅದನ್ನು ಮೊಣಕಾಲ ನೋವಿನ ಹಾಗೆ ಹೇಳಿಕೊಂಡು ಓಡಾಡುತ್ತಾರೆ. ಕಾಕಾ ಮಾತ್ರ ಒಪ್ಪುತ್ತಿರಲಿಲ್ಲ. "ಮಂದಿ ಈಗ ಸಣ್ಣ ದನೀಲೆ ಮಾತಾಡಾಕತ್ತಾರ್ರಿ. ಮೊಬೈಲ್ ಬಂದ ಮ್ಯಾಲೆ ಗಟ್ಟಿ ಮಾತಾಡೂದನ್ನ ಮರತ ಬಿಟ್ಟಾರ," ಎನ್ನುತ್ತಿದ್ದರು. ಮನೆಯವರೂ ಆ ಮಾತನ್ನು ಒಪ್ಪಿಕೊಂಡವರಂತೆಯೇ ಇದ್ದರು. ಅವರ ಎದುರಿಗೆ ಬಂದು ನಿಂತು, ತುಟಿ ಕಾಣುವಂತೆ ಮಾತಾಡುವರು, ಸಾಲದಿದ್ದರೆ ಕೈಸನ್ನೆ ಮಾಡುವರು. 'ಕೇಳಲಿಲ್ಲವೇ?' ಎಂಬ ಪ್ರಶ್ನೆಯನ್ನು ಆ ಮನೆಯಲ್ಲಿ ನಾನು ಒಂದು ಸಲವೂ ಕೇಳಿಲ್ಲ.

ಮಗ್ಗದ ಕೆಲಸ ಕುಂದುತ್ತ ಬಂದು, ಓಣಿಯಲ್ಲಿ ಒಂದೊಂದೇ ಶೆಡ್ಡು ಬಾಗಿಲು ಹಾಕಿದಾಗ ಕಾಕಾ ಕೂಡ ಮಗ್ಗ ಬಿಚ್ಚಿದರು. ಗುಜರಿಯವನು ತಕ್ಕಡಿ ಹೊತ್ತು ಬಂದ. ಅವನಿಗೆ ಚಹಾ ಕುಡಿಸಿ, ಮಳೆಯ ಸುದ್ದಿ ಮಾತಾಡಿ, ಬರಿಗೈಲಿ ಕಳಿಸಿದರು. ಮರುದಿನ ಆ ಕಬ್ಬಿಣವೆಲ್ಲ ಟ್ರ್ಯಾಕ್ಟರಿನಲ್ಲಿ ಜಮಖಂಡಿ ರಸ್ತೆಗೆ ಹೊಂದಿದ ಅವರ ಹೊಲಕ್ಕೆ ಹೋಯಿತು. ಮಗ ಮಹಾಂತೇಶ ಲೇಥ್ ಕೆಲಸ ಬಲ್ಲವನು, ಗಾಲಿ ಕಡೆದ. ಇಟ್ಟಿಗೆ ಭಟ್ಟಿಯೊಂದು ಮುಚ್ಚಿದಾಗ ಅದರ ತಳ್ಳುಗಾಡಿಯ ಸಣ್ಣ ಹಳಿ ಸಿಕ್ಕಿತು. ಹಳೆಯ ಗೂಡ್ಸ್ ಆಟೋದ ಎಂಜಿನ್ನು ಬಂತು. ಮಗ್ಗದ ಚೌಕಟ್ಟುಗಳು ರೈಲಿನ ಡಬ್ಬಿಗಳಾದವು. ಸೊಸೆ ಸವಿತಾ ಬಣ್ಣ ಹಚ್ಚಿದಳು. ಹೊಲದ ಸುತ್ತ, ಬಾವಿ ಬಳಸಿ, ಕಬ್ಬಿನ ಅಂಚಿಗೆ ಹಾದು ಮತ್ತೆ ಬೇವಿನ ಗಿಡಕ್ಕೆ ಬಂದು ಸೇರುವ ಹಳಿ. ಬೇವಿನ ಗಿಡವೇ ಸ್ಟೇಷನ್ನು.

ಯಾಕೆ ಕಟ್ಟಿದಿರಿ ಎಂದು ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ. ಜಮಖಂಡಿಗೆ ರೈಲು ಬರುತ್ತದೆ ಎಂಬ ಮಾತನ್ನು ಕೇಳುತ್ತಲೇ ನಮ್ಮ ಕಡೆ ಎಷ್ಟೋ ಜನರ ಕೂದಲು ಬೆಳ್ಳಗಾಗಿದೆ. ಹಾಗಾಗಿ ಪತ್ರಿಕೆಯವನಿಗೆ, "ಅದು ಬರೂತನಕ ಇದರಾಗ ಕೂಡ್ರಿ," ಎಂದರು. ಮಕ್ಕಳಿಗೆ, "ನಿಮ್ಮ ಅಕ್ಕೋರು ಹೋಂವರ್ಕ್ ಕೊಟ್ರ ಓಡಿ ಬರಾಕ," ಎಂದರು, ಅದೂ ನನ್ನೆದುರಿಗೆ. ನಾನು ಕೇಳಿದಾಗ ಮಾತ್ರ ಬೇರೆಯೇ ಹೇಳಿದರು: "ನಾವು ಮನಿಮಂದಿ ಒಂದ ಸೂರಿನ ಕೆಳಗ ದುಡದ ರೂಢಿ ಆದವರ್ರಿ. ಮಗ್ಗ ನಿಂತ್ರ ಒಬ್ಬೊಬ್ರು ಒಂದೊಂದ ಕಡೆ ಹೊಕ್ಕಾರ. ಎಲ್ಲಾರೂ ಕೂಡಿ ಮಾಡೂದು ಏನರ ಬೇಕಾಗಿತ್ತು."

ಉದ್ಘಾಟನೆಯ ದಿನದ ಕತೆಯನ್ನು ನಮ್ಮೂರಲ್ಲಿ ಈಗಲೂ ಹೇಳಿ ನಗುತ್ತಾರೆ. ನೇಕಾರರಿಗೆ ಸಂದು ಎಂದರೆ ಕುಂದು. ಬಟ್ಟೆಯಲ್ಲಿ ಎಳೆಗೂ ಎಳೆಗೂ ನಡುವೆ ಬೆಳಕು ಕಂಡರೆ ಆ ಪೀಸು ಕೆಟ್ಟಿತು ಎಂದು ಬೆಳೆದವರು. ಆ ಹೆಮ್ಮೆಯಲ್ಲೇ ಹಳಿಗೆ ಹಳಿ ಒತ್ತಿ, ನಡುವೆ ಬ್ಲೇಡು ಕೂಡ ತೂರದ ಹಾಗೆ ಬಿಗಿಯಾಗಿ ಕೂಡಿಸಿದ್ದರು. ಬೇಸಿಗೆಯ ಮಧ್ಯಾಹ್ನ. ಸ್ವಾಮಿಗಳು ಬಂದರು, ಊರ ಹಿರಿಯರು ಬಂದರು, ತೆಂಗಿನಕಾಯಿ ಒಡೆದರು. ಎಂಜಿನ್ನು ಹೊರಟು ಬಾವಿ ದಾಟಿ ಹೋದದ್ದೇ, ಮುಂದೆ ಹಳಿ ಹೆಡೆಯೆತ್ತಿದ ಹಾವಿನ ಹಾಗೆ ಒಂದು ಕಡೆ ಬಾಗಿ ನಿಂತಿದೆ. ಬಿಸಿಲಿಗೆ ಹಿಗ್ಗಿದ ಕಬ್ಬಿಣಕ್ಕೆ ಹೋಗಲು ಜಾಗವೇ ಇರಲಿಲ್ಲ. ರೈಲು ಸಾವಕಾಶ ಹಳಿ ಬಿಟ್ಟು, ಸ್ವಾಮಿಗಳನ್ನೂ ಹಿರಿಯರನ್ನೂ ಹೊತ್ತುಕೊಂಡು ಕಬ್ಬಿನೊಳಗೆ ಹೊಕ್ಕಿತು. ಯಾರಿಗೂ ಪೆಟ್ಟಾಗಲಿಲ್ಲ, ಎರಡು ರುಮಾಲು ಮಾತ್ರ ಕಬ್ಬಿನ ಗರಿಗೆ ಸಿಕ್ಕಿಕೊಂಡವು.

ಬೇರೆ ಯಾರಾದರೂ ಆಗಿದ್ದರೆ ಕಬ್ಬಿನೊಳಗೇ ಅವಿತುಕೊಳ್ಳುತ್ತಿದ್ದರು. ಕಾಕಾ ಕೆಳಗಿಳಿದು, ಹಳಿ ಮುಟ್ಟಿ ಕೈ ಸುಟ್ಟುಕೊಂಡು, ನೆರೆದವರಿಗೆಲ್ಲ ಕೇಳುವಂತೆ ಹೇಳಿದರು: "ತಪ್ಪ ನಂದ ಐತ್ರೆಪಾ. ಬಿಸಲಿಗೆ ನೂಲ ಹರೀತೈತಿ ಅನ್ನೂದು ಗೊತ್ತಿತ್ತು. ಕಬ್ಬಣ ಬೆಳೀತೈತಿ ಅನ್ನೂದು ಗೊತ್ತಿರಲಿಲ್ಲ." ಮುಂದೆ ಮಗ ಹಳಿಗಳ ನಡುವೆ ಸಂದು ಕೊಯ್ದ. ಆಮೇಲೆ ರೈಲು ಕಟಕ್ ಕಟಕ್ ಎನ್ನತೊಡಗಿತು, ಜನಕ್ಕೆ ಅದೇ ಇಷ್ಟವಾಯಿತು. ಹೀಗೆ ಯಾವ ತಪ್ಪನ್ನಾದರೂ ಊರ ನಡುವೆ ನಿಂತು ಒಪ್ಪಿಕೊಳ್ಳುವ ಮನುಷ್ಯ, ಕಿವಿಯ ವಿಷಯಕ್ಕೆ ಬಂದರೆ ಮಾತ್ರ ಊರನ್ನೇ ದೂರುತ್ತಿದ್ದರು.

ಅಮಾವಾಸ್ಯೆಯ ದಿನ ರೈಲು ತುಂಬಿರುತ್ತಿತ್ತು. ಮಗ್ಗಕ್ಕೆ ರಜೆ, ರಬಕವಿ ಬನಹಟ್ಟಿಯ ನೇಕಾರರೆಲ್ಲ ಮಕ್ಕಳನ್ನು ಸ್ಕೂಟರಿನಲ್ಲಿ ಹೇರಿಕೊಂಡು ಬರುವರು. ರವಿವಾರ ಮುಧೋಳ, ಬೀಳಗಿಯ ಕಡೆಯವರು. ಯಾರು ಎಲ್ಲಿ ಕೂಡಬೇಕು ಎಂಬುದು ಕಾಕು ಅವರ ಅಧಿಕಾರ. ಮೇಲಿಂದ ಕೆಳಗೆ ಒಮ್ಮೆ ನೋಡಿ ತೂಕ ಅಳೆದು ಬಿಡುವರು. "ಅಕ್ಕೋರ, ನೀವು ಗಾಲಿ ಮ್ಯಾಲೆ ಕೂಡ್ರಿ, ನಡುವ ಬ್ಯಾಡ," ಎಂದು ಎಲ್ಲರೆದುರು ನನಗೆ ಹೇಳಿದ್ದನ್ನು ನಾನು ಮರೆತಿಲ್ಲ. ತಿಮ್ಮಾಪುರದ ಕಡೆಯವನೊಬ್ಬ ತನ್ನ ಬೇಟೆನಾಯಿಯನ್ನು ಕರೆತಂದಿದ್ದ. ಅದು ರೈಲಿನ ಜೊತೆ ಓಡಿ, ಮುಂದೆ ಹೋಗಿ, ಬೇವಿನ ಗಿಡದ ಕೆಳಗೆ ಮಲಗಿ ಕಾಯುತ್ತಿತ್ತು. "ನಮ್ಮದು ಪ್ಯಾಸೆಂಜರ್, ಎಕ್ಸ್‌ಪ್ರೆಸ್ ಅಲ್ರಿ," ಎಂದು ಕಾಕಾ ಸಮಜಾಯಿಷಿ ಕೊಟ್ಟರು.

ಕುರಿ ಹಿಂಡು ಬಂದರೆ ಎಂಜಿನ್ನು ಬಂದ್. ಹೊಲದ ಅಂಚಿನ ದಾರಿಯಲ್ಲಿ ಕುರುಬರು ಮೊದಲಿನಿಂದ ಓಡಾಡುತ್ತಿದ್ದರು, ಹಳಿ ಅದನ್ನು ದಾಟುತ್ತಿತ್ತು. ಕಡೆಯ ಮರಿ ದಾಟುವವರೆಗೆ ಕಾಕಾ ಕುರಿಯಜ್ಜನ ಜೊತೆ ತಂಬಾಕು ತಿಕ್ಕುತ್ತ ನಿಲ್ಲುವರು. ಜಮಖಂಡಿಯ ವ್ಯಾಪಾರಿಯೊಬ್ಬ, "ಕುರಿಗೂ ರೈಲು ನಿಂದ್ರತೈತೇನ್ರಿ?" ಎಂದು ಗೊಣಗಿದ. ಕಾಕಾಗೆ ಅದು ಕೇಳಿಸಿರಲಾರದು, ಮುಖ ನೋಡಿಯೇ ಅರ್ಥ ಮಾಡಿಕೊಂಡರು. "ದಾರಿ ಅವರದು. ನಮ್ಮ ಹಳಿ ನಿನ್ನೆ ಮೊನ್ನೀದು," ಎಂದರು.

ಆ ರೈಲಿಗೆ ಸೀಟಿ ಇರಲಿಲ್ಲ, ಬಾವುಟ ಇರಲಿಲ್ಲ. ಮಗ್ಗದ ಮಂದಿ ಮಗ್ಗದ ಸನ್ನೆಯಲ್ಲೇ ರೈಲು ನಡೆಸುತ್ತಿದ್ದರು. ಕಡೆಯ ಡಬ್ಬಿಯಲ್ಲಿ ಸವಿತಾ ನಿಲ್ಲುವಳು. ಮುಧೋಳದಿಂದ ಈ ಮನೆಗೆ ಬಂದ ಮೇಲೆ ಸನ್ನೆ ಕಲಿತವಳು. ಅಂಗೈ ಬಿಚ್ಚಿ ತೋರಿಸಿದರೆ ಎಲ್ಲ ಸರಿ, ಮುಷ್ಟಿ ಎತ್ತಿದರೆ ನಿಲ್ಲಿಸು. ತಿರುವು ಬಂದಾಗಲೆಲ್ಲ ಕಾಕಾ ಹೊರಳಿ ಅವಳ ಕೈ ನೋಡುವರು. ಕನ್ನಡಿ ಒಂದಿತ್ತು ನಿಜ, ಆದರೆ ಅದು ಅಲುಗಾಟಕ್ಕೆ ಜೋತುಬಿದ್ದು ಅವರ ಮೊಣಕಾಲನ್ನೇ ತೋರಿಸುತ್ತಿತ್ತು. ಮಗ್ಗದ ಶೆಡ್ಡಿನಲ್ಲಿ ಎಲ್ಲರೂ ಒಬ್ಬರ ಕಣ್ಣಿಗೆ ಒಬ್ಬರು ಬೀಳುತ್ತಾರೆ. ರೈಲಿನಲ್ಲಿ ಓಡಿಸುವವರ ಬೆನ್ನು ಎಲ್ಲರ ಕಡೆಗೆ. ಇಷ್ಟು ಸರಳ ಸಂಗತಿ ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಅನ್ನಿ.

ಒಂದು ರವಿವಾರ ಅನಗವಾಡಿಯಿಂದ ಬಂದ ಹೆಣ್ಣುಮಗಳೊಬ್ಬಳು ಹೊಸ ಸೀರೆ ಉಟ್ಟು ಅಂಚಿಗೆ ಕುಳಿತಿದ್ದಳು. ಗಾಳಿಗೆ ಸೆರಗು ಜಾರಿ ಗಾಲಿಗೆ ಸಿಕ್ಕಿತು. ಬಾವಿಯ ಆಚೆಯ ನೇರ ಹಳಿ ಅದು, ಕಾಕಾ ಹೊರಳಿ ನೋಡುವ ಜಾಗವಲ್ಲ. ಸವಿತಾ ಮುಷ್ಟಿ ಎತ್ತಿ ನಿಂತಳು. ಡಬ್ಬಿಯಲ್ಲಿದ್ದವರೆಲ್ಲ ಒದರಿದರು. ರೈಲು ಹೋಗುತ್ತಲೇ ಇತ್ತು, ಕಾಕಾ ಮುಂದೆ ನೋಡುತ್ತ ನಗುಮುಖದಲ್ಲೇ ಇದ್ದರು. ಬಾವಿಯ ಹತ್ತಿರ ಪಂಪು ನೋಡುತ್ತಿದ್ದ ಮಹಾಂತೇಶ ಓಡಿಬಂದು ಎಂಜಿನ್ನಿನ ಮುಂದೆ ಎರಡೂ ಮುಷ್ಟಿ ಎತ್ತಿ ನಿಂತಾಗಲೇ ಅದು ನಿಂತದ್ದು. ಅಷ್ಟರಲ್ಲಿ ಆಕೆ ಕೆಳಗೆ ಬಿದ್ದು ತೋಳು ಮುರಿದಿತ್ತು. ಸೀರೆ ಹರಿದದ್ದರಿಂದ ಕುತ್ತಿಗೆ ಉಳಿಯಿತು ಎಂದು ಆಸ್ಪತ್ರೆಯಲ್ಲಿ ಹೇಳಿದರು.

ಕೆಲವು ದಿನಗಳ ಮೇಲೆ ಆಕೆಯ ಗಂಡ ಕಾಕಾ ಅವರ ಮನೆಗೆ ಬಂದ. ನಾನು ಅಲ್ಲೇ ಇದ್ದೆ. ಕೂಗಾಡಿದ್ದರೆ ಸುಲಭವಾಗುತ್ತಿತ್ತು, ಅವನು ಮೆತ್ತಗಿನ ಮನುಷ್ಯ. ಪಡಸಾಲೆಯಲ್ಲಿ ಕುಳಿತು, ನೀರು ಕುಡಿದು, ತಲೆ ತಗ್ಗಿಸಿಯೇ ಮಾತಾಡಿದ.

"ನಾ ಜಗಳಕ್ಕ ಬಂದಿಲ್ರಿ. ಆಕಿ ಆರಾಮ ಆಗಾಕತ್ತಾಳ. ಆದ್ರ ಒಂದ ಮಾತು ಹೇಳಿ ಹೋಗ್ತೀನಿ. ಅಷ್ಟ ಮಂದಿ ಒದರಿದ್ರೂ ಇವರಿಗೆ ಕೇಳಲಿಲ್ಲ. ಕಿವುಡರು ಮಂದೀನ್ನ ಕೂಡಿಸ್ಕೊಂಡು ಗಾಡಿ ಹೊಡೀಬಾರದ್ರಿ."

ಆ ಶಬ್ದ ಆ ಮನೆಯಲ್ಲಿ ಬಿದ್ದದ್ದು ಅದೇ ಮೊದಲು. ಅದು ಯಾರ ಬಗ್ಗೆ ಬಂದಿತ್ತೋ ಅವರಿಗೇ ಕೇಳಿಸಲಿಲ್ಲ. ಅವನು ತಲೆ ತಗ್ಗಿಸಿದ್ದರಿಂದ ತುಟಿಯೂ ಕಂಡಿರಲಿಲ್ಲ.

"ಏನಂದ್ರು?" ಎಂದು ಕಾಕಾ ಎಲ್ಲರ ಮುಖ ನೋಡಿದರು.

"ಆಕಿ ಆರಾಮ ಅದಾಳಂತಪಾ," ಎಂದ ಮಹಾಂತೇಶ, ತುಟಿ ಅಗಲಿಸಿ. ಇನ್ನೂ ಏನೋ ಸೇರಿಸಲಿದ್ದ. ಕಾಕು ಮುಷ್ಟಿ ಎತ್ತಿದರು.

ಶೆಡ್ಡಿನ ಸನ್ನೆಯಲ್ಲಿ ಚಹಾಕ್ಕೆ ಕೈ ಇತ್ತು, ಸಾವಿಗೆ ಕೂಡ ಕೈ ಇತ್ತು. ಕಿವುಡು ಎಂಬುದಕ್ಕೆ ಇರಲಿಲ್ಲ. ಅಲ್ಲಿ ಯಾರೂ ಯಾರಿಗೂ ಅದನ್ನು ಹೇಳುವ ಪ್ರಸಂಗವೇ ಬಂದಿರಲಿಲ್ಲ. ಕಾಕು ಎದ್ದು ಬಂದು ಗಂಡನ ಎದುರಿಗೆ ಕುಳಿತರು. ತಮ್ಮ ಕಿವಿ ಮುಟ್ಟಿಕೊಂಡರು. ಆಮೇಲೆ ಅವರ ಕಿವಿ ಮುಟ್ಟಿ, ಇಲ್ಲ ಎಂದು ಕೈಯಾಡಿಸಿದರು. ಅಷ್ಟು ವರ್ಷದ ಸಂಸಾರದಲ್ಲಿ ಆಡದೆ ಇದ್ದ ಮಾತು. ಕಾಕು ಅವರ ಕಣ್ಣಲ್ಲಿ ನೀರಿತ್ತು.

ಕಾಕಾ ಹೆಂಡತಿಯನ್ನು ನೋಡಿದರು. ಆಮೇಲೆ ಬಂದವನಿಗೆ ಎರಡೂ ಕೈ ಮುಗಿದರು. ಆ ದಿನದಿಂದ ಓಣಿಯಲ್ಲಿ ಅವರ ದನಿ ಕೇಳಿಸುವುದು ನಿಂತಿತು. ನನಗೆ ಅದರಿಂದ ತಡೆಯಲಾರದಷ್ಟು ಸಂಕಟವಾಯಿತು.

ರೈಲು ಬೇವಿನ ಕೆಳಗೆ ನಿಂತೇ ಉಳಿಯಿತು. ಮುಚ್ಚಿಬಿಡೋಣ ಎಂದ ಮಹಾಂತೇಶ. ಸವಿತಾ ಒಪ್ಪಲಿಲ್ಲ. "ಡಬ್ಬಿಗೆ ಬಾಜೂ ಜಾಳಿಗಿ ಕೂಡಿಸೂಣ. ಎರಡೂ ಕಡೆ ಕನ್ನಡಿ ಹಾಕೂಣ. ಸೀಟಿ ಹಾಕೂಣ. ನಾ ಹೊಡೀತೀನಿ," ಎಂದಳು. ಆಮೇಲೆ ಮಾವನ ಎದುರು ಹೋಗಿ ನಿಂತು ಅದನ್ನೇ ಕೈಯಲ್ಲಿ ಹೇಳಿದಳು. ಕಾಕಾ ಕೇಳಿದರು, ಅಂದರೆ ನೋಡಿದರು. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಆ ಸೀಟು ಬಿಟ್ಟರೆ ತಾವು ಕಿವುಡರು ಎಂದು ಊರಿಗೆಲ್ಲ ಹೇಳಿದಂತೆ. ಬಿಡದಿದ್ದರೆ ರೈಲು ಇಲ್ಲ, ಮನೆಮಂದಿ ಕೂಡಿ ಮಾಡುವ ಕೆಲಸವೂ ಇಲ್ಲ. ಇದು ಅವರಿಗೆ ಗೊತ್ತಿತ್ತು, ಆದ್ದರಿಂದ ಯಾರೂ ಎರಡನೆಯ ಸಲ ಕೇಳಲಿಲ್ಲ. ಮಗ ಡಬ್ಬಿಗಳ ಪಕ್ಕಕ್ಕೆ ಕಬ್ಬಿಣದ ಜಾಳಿಗೆ ಬೆಸೆದ, ಗಾಳಿಯಿಂದ ಊದುವ ಸೀಟಿಯೊಂದನ್ನು ತಂದು ಎಂಜಿನ್ನಿಗೆ ಕೂಡಿಸಿದ.

ರೈಲನ್ನು ಓಡಿಸಿ ನೋಡುವ ದಿನ ಮನೆಯವರು ಮತ್ತು ನಾನು, ಅಷ್ಟೇ. ಕಾಕು ನನ್ನನ್ನು ಮುಂದಿನ ಡಬ್ಬಿಯಲ್ಲಿ ಕೂಡಿಸಿದರು. ಕಾಕಾ ಬಂದು, ಯಾರನ್ನೂ ನೋಡದೆ, ಎಂಜಿನ್ನು ಹತ್ತಿ ತಮ್ಮ ಸೀಟಿನಲ್ಲೇ ಕುಳಿತರು. ಸವಿತಾ ಒಂದು ಗಳಿಗೆ ನಿಂತಳು. ಆಮೇಲೆ ನನ್ನ ಪಕ್ಕ ಬಂದು ಕುಳಿತಳು. ಮಹಾಂತೇಶ ಮುಖ ಬೇರೆ ಕಡೆ ತಿರುಗಿಸಿದ. ರೈಲು ಹೊರಟಿತು.

ಮಗ್ಗದವರಲ್ಲಿ ಒಂದು ಪದ್ಧತಿಯಿದೆ. ಪಾಳಿ ಬದಲಾಗುವಾಗ ಮಗ್ಗ ನಿಲ್ಲಿಸುವುದಿಲ್ಲ. ಬರುವವನು ಹೋಗುವವನ ಪಕ್ಕದಲ್ಲಿ ನಿಂತು, ಹಿಡಿಕೆಯ ಮೇಲೆ ಅವನ ಕೈಯ ಪಕ್ಕ ತನ್ನ ಕೈ ಇಡುತ್ತಾನೆ. ಆಮೇಲೆ ಹೋಗುವವನು ಕೈ ತೆಗೆಯುತ್ತಾನೆ. ಬಟ್ಟೆಯಲ್ಲಿ ಆ ಜಾಗ ಯಾರಿಗೂ ಕಾಣುವುದಿಲ್ಲ.

ಬಾವಿಯ ತಿರುವಿನಲ್ಲಿ ರೈಲು ನಡಿಗೆಯ ವೇಗಕ್ಕೆ ಇಳಿಯಿತು. ಕಾಕಾ ಹೊರಳಿ ಸವಿತಾಳನ್ನು ನೋಡಿ, ಬಾ ಎಂದು ಕೈ ಮಾಡಿದರು. ಅವಳು ಡಬ್ಬಿಯ ಅಂಚು ದಾಟಿ ಎಂಜಿನ್ನಿಗೆ ಹೋಗಿ ಅವರ ಪಕ್ಕ ಕುಕ್ಕರಿಸಿದಳು. ಹಿಡಿಕೆಯ ಮೇಲೆ ಅವರ ಕೈಯ ಪಕ್ಕ ಕೈ ಇಟ್ಟಳು. ತಿರುವು ಮುಗಿದು ಹಳಿ ನೇರವಾಗುವವರೆಗೆ ಎರಡೂ ಕೈ ಹಾಗೆಯೇ ಇದ್ದವು. ಆಮೇಲೆ ಕಾಕಾ ತೆಗೆದರು. ಎದ್ದು, ಕಂಬ ಹಿಡಿದುಕೊಂಡು, ಒಂದೊಂದೇ ಕಾಲಿಟ್ಟು ಡಬ್ಬಿಗೆ ಬಂದು, ಅವಳು ಬಿಟ್ಟ ಜಾಗದಲ್ಲಿ, ನನ್ನ ಪಕ್ಕ ಕುಳಿತರು. ತಾವೇ ಕಟ್ಟಿದ ರೈಲಿನಲ್ಲಿ ಅವರು ಹಾಗೆ ಕುಳಿತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡರು.

ಕಬ್ಬಿನ ಹತ್ತಿರ ಸವಿತಾ ಸೀಟಿ ಊದಿದಳು. ಬೆಳ್ಳಕ್ಕಿಗಳು ಒಮ್ಮೆಲೇ ಮೇಲೆದ್ದವು. ಕಾಕಾ ಅವುಗಳನ್ನು ನೋಡಿದರು, ನನ್ನ ಕಡೆ ತಿರುಗಿದರು.

"ಈಗ ಸೀಟಿ ಊದಿದಳೇನ್ರಿ ಅಕ್ಕೋರ?"

ಹೌದೆಂದು ತಲೆಯಾಡಿಸಿದೆ.

"ನನಗ ಕೇಳಂಗಿಲ್ರಿ," ಎಂದರು. "ಇನ್ನೊಮ್ಮೆ ಊದಿದ್ರ ಹೇಳ್ರಿ."

ಸವಿತಾ ಕುರಿದಾರಿಯ ಹತ್ತಿರ ಊದಿದಳು, ತಿರುವಿನಲ್ಲಿ ಊದಿದಳು, ಸುಮ್ಮಸುಮ್ಮನೆಯೂ ಊದಿದಳು. ಕಾಕಾ ಹಳಿಯನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತ ಕುಳಿತರು. ನಾನು ಪ್ರತಿ ಸೀಟಿಗೂ ತಲೆಯಾಡಿಸುತ್ತ ಬೇವಿನ ಗಿಡದವರೆಗೆ ಬಂದೆ.